ಅಂಗಿ ಗುಂಡಿ ಹಾಕುವುದನ್ನು ಕೊನೆಯಿಂದ ಕಲಿಸಿ

ಥೆರಪಿಗೆ ಕರೆದುಕೊಂಡು ಹೋದರೆ ಸಾಕು, ತಡವಾಗಿ ಕಲಿಯುವ ಮಗು ತಾನಾಗಿ ಸುಧಾರಿಸುತ್ತದೆ ಅಂತ ಈಗಿನ ತಾಯಂದಿರಿಗೆ ಯಾರು ಹೇಳಿದರೋ ಗೊತ್ತಿಲ್ಲ. ವಾರಕ್ಕೊಮ್ಮೆ ಬರುವುದು, ಮಗುವನ್ನು ಒಳಗೆ ಬಿಡುವುದು, ಹೊರಗೆ ಬೆಂಚಿನ ಮೇಲೆ ಮೊಬೈಲ್ ತಿಕ್ಕುತ್ತಾ ಕೂರುವುದು. ಮುಕ್ಕಾಲು ತಾಸಾದ ಮೇಲೆ ಮಗುವನ್ನು ಎತ್ತಿಕೊಂಡು ಬಸ್ ಹತ್ತುವುದು. ಒಳಗೆ ಏನು ಮಾಡಿಸಿದರು ಅಂತ ಒಂದು ಮಾತು ಕೇಳುವುದಿಲ್ಲ. ಮನೆಗೆ ಬಂದರೆ ಊಟ ಇವರೇ ತಿನ್ನಿಸುತ್ತಾರೆ, ಅಂಗಿ ಇವರೇ ತೊಡಿಸುತ್ತಾರೆ, ಚಪ್ಪಲಿನೂ ಇವರೇ ಹಾಕುತ್ತಾರೆ. ವಾರದ ಉಳಿದ ದಿನವೆಲ್ಲ ಮಗುವಿನ ಕೈಗೆ ಕೆಲಸವೇ ಇಲ್ಲದಿದ್ದರೆ ಆ ಮುಕ್ಕಾಲು ತಾಸು ಏನು ಮಾಡೀತು, ನೀವೇ ಹೇಳಿ.

ನಾನು ಕೊಪ್ಪಳದ ಕಡೆ ಅಂಗನವಾಡಿ ಕೆಲಸ ಮಾಡಿ ಬಿಟ್ಟವಳು. ತಡವಾಗಿ ಕಲಿಯುವ ಮಕ್ಕಳನ್ನು ಅಲ್ಲಿಯೂ ನೋಡಿದ್ದೇನೆ, ನಮ್ಮ ಮನೆಯಲ್ಲೇ ಒಬ್ಬ ಮೊಮ್ಮಗನೂ ಇದ್ದಾನೆ. ನಾನು ಕೆಲಸಕ್ಕೆ ಸೇರಿದಾಗ ನಮ್ಮದಿನ್ನೂ ರಾಯಚೂರು ಜಿಲ್ಲೆ, 1997ರಲ್ಲಿ ಬೇರೆಯಾಯಿತು. ಆಗ ಇಂಥ ಮಗುವನ್ನು ತೋರಿಸಬೇಕೆಂದರೆ ಹುಬ್ಬಳ್ಳಿಗೆ ಓಡಬೇಕು, ಮಾತು ಬರದಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋಗಬೇಕು ಅನ್ನುತ್ತಿದ್ದರು. ಬಡವರು ಎಲ್ಲಿಂದ ಹೋಗುತ್ತಾರೆ? ಹುಲಿಗೆಮ್ಮನಿಗೆ ಹರಕೆ ಹೊತ್ತು ಸುಮ್ಮನಾಗುತ್ತಿದ್ದರು. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ ಶುರುವಾದ ಮೇಲೆ ಡಾಕ್ಟರು ಅಂಗನವಾಡಿ ಬಾಗಿಲಿಗೇ ಬರತೊಡಗಿದರು. ಇಷ್ಟು ಹತ್ತಿರ ಬಂದಿರುವಾಗ ನೀವು ಬೆಂಚು ಕಾಯುತ್ತಾ ಕೂತರೆ ನನಗೆ ಹೊಟ್ಟೆ ಉರಿಯುತ್ತದೆ.

ಮೊದಲು ಒಳಗೆ ಹೋಗಿ ಕೂತು ನೋಡಿ. ಟೀಚರ್ ಕೈ ಎಲ್ಲಿ ಹಿಡಿಯುತ್ತಾರೆ, ಯಾವ ಮಾತು ಆಡುತ್ತಾರೆ, ಎಷ್ಟು ಹೊತ್ತು ಕಾಯುತ್ತಾರೆ ಅಂತ ಗಮನಿಸಿ. ಮನೆಯಲ್ಲೂ ಅದೇ ಮಾತು, ಅದೇ ಹಿಡಿತ. ಅವ್ವ ಒಂದು ಹೇಳಿ ಅಜ್ಜ ಇನ್ನೊಂದು ಹೇಳಿದರೆ ಮಗು ಯಾರದ್ದನ್ನು ಕೇಳಬೇಕು? ನಮ್ಮ ಮನೆಯಲ್ಲಿ ಯಜಮಾನರದೇ ದೊಡ್ಡ ತಲೆನೋವು. ನಾವು ಕೈಗೆ ಚಮಚ ಕೊಟ್ಟು ಕಾಯುತ್ತಿದ್ದರೆ, ಅವರು ಹಿಂದಿನಿಂದ ಬಂದು ತುತ್ತು ಇಟ್ಟು ಹೋಗಿಬಿಡುತ್ತಿದ್ದರು.

ಈಗ ಗುಂಡಿಯ ವಿಷಯ. ಇದನ್ನು ಎಲ್ಲರೂ ತಪ್ಪಾಗಿಯೇ ಕಲಿಸುತ್ತಾರೆ. ಗುಂಡಿ ಮಗುವಿನ ಕೈಗೆ ಕೊಟ್ಟು "ಹಾಕು" ಅನ್ನುತ್ತಾರೆ. ಮಗು ಒದ್ದಾಡುತ್ತದೆ, ಅಳುತ್ತದೆ. ಸ್ಕೂಲ್ ವ್ಯಾನ್ ಬಂತು ಅಂತ ಅವ್ವನೇ ಕಸಿದುಕೊಂಡು ಹಾಕುತ್ತಾಳೆ. ದಿನಾ ಇದೇ. ಮಗು ಕಲಿಯುವುದು ಒಂದೇ: ಅತ್ತರೆ ಅವ್ವ ಹಾಕುತ್ತಾಳೆ.

ಮನೆಯಲ್ಲಿರುವ ದೊಡ್ಡವರ ಹಳೆ ಅಂಗಿ ತೆಗೆದುಕೊಳ್ಳಿ. ತೊಳೆದು ತೊಳೆದು ಮೆತ್ತಗಾಗಿರಬೇಕು, ಗಂಜಿ ಹಾಕಿದ್ದು ಬೇಡವೇ ಬೇಡ. ಅದರ ಸಣ್ಣ ಗುಂಡಿ ಕಿತ್ತು ಕೋಟಿಗೆ ಹಾಕುವಂಥ ದೊಡ್ಡ ಗುಂಡಿ ಹೊಲಿಯಿರಿ. ಬಿಳಿ ಅಂಗಿಗೆ ಕೆಂಪೋ ನೀಲಿಯೋ ಇರಲಿ, ಕಣ್ಣಿಗೆ ಎದ್ದು ಕಾಣಬೇಕು. ಹೊಲಿಯುವಾಗ ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಅಡ್ಡ ಇಟ್ಟು, ಅದರ ಮೇಲಿಂದ ದಾರ ಹಾಯಿಸಿ. ಹೊಲಿದಾದ ಮೇಲೆ ಕಡ್ಡಿ ಎಳೆದು ತೆಗೆದರೆ ದಾರ ಸಡಿಲಾಗಿ, ಗುಂಡಿ ಬಟ್ಟೆಯಿಂದ ಮೇಲೆ ಬರುತ್ತದೆ. ಆ ಸಂದಿನಲ್ಲಿ ದಾರವನ್ನು ನಾಲ್ಕು ಸುತ್ತು ಬಿಗಿಯಾಗಿ ಸುತ್ತಿ ಗಂಟು ಹಾಕಿ. ಈಗ ಗುಂಡಿಗೆ ಕುತ್ತಿಗೆ ಬಂತು, ಬೆರಳು ಹಿಡಿಯುವುದಕ್ಕೆ ಜಾಗ ಸಿಕ್ಕಿತು. ಕಾಜವನ್ನೂ ಗುಂಡಿಗೆ ತಕ್ಕಂತೆ ಸ್ವಲ್ಪ ಉದ್ದ ಕತ್ತರಿಸಿ, ಅಂಚು ಬಿಚ್ಚದಂತೆ ಮತ್ತೆ ಹೊಲಿಯಿರಿ. ಬಾಯಿಗೆ ಹಾಕುವ ಮಗುವಾದರೆ ದಿನಾ ಗುಂಡಿ ಎಳೆದು ನೋಡಿ, ಅಂಗಿಯೊಂದಿಗೆ ಮಗುವನ್ನು ಒಂಟಿಯಾಗಿ ಬಿಡಬೇಡಿ.

ಮಗುವಿನ ಎದುರು ಕೂರಬೇಡಿ. ಎದುರು ಕೂತರೆ ಎಡ ಬಲ ಎಲ್ಲ ಉಲ್ಟಾ. ತೊಡೆ ಮೇಲೋ ಮುಂದೆಯೋ ಕೂರಿಸಿಕೊಂಡು ಹಿಂದಿನಿಂದ ಕೈ ತನ್ನಿ. ಅಂಗಿ ಮೊದಲು ಮಗುವಿನ ತೊಡೆ ಮೇಲೆ ಇರಲಿ, ಆಮೇಲೆ ಮೈ ಮೇಲೆ. ಮೈ ಮೇಲೆ ಹಾಕಿದಾಗ ಕೆಳಗಿನ ಗುಂಡಿಯಿಂದ ಶುರು ಮಾಡಿ, ಕುತ್ತಿಗೆ ಹತ್ತಿರದ್ದು ಪಾಪ ಅದಕ್ಕೆ ಕಾಣುವುದೇ ಇಲ್ಲ.

ಗುಂಡಿಯನ್ನು ಕಾಜದೊಳಗೆ ನೀವೇ ತೂರಿಸಿ, ಮುಕ್ಕಾಲು ಭಾಗ ಹೊರಗೆ ತಂದು ನಿಲ್ಲಿಸಿ. ಉಳಿದ ಚೂರನ್ನು ಮಗು ಎಳೆಯಲಿ. ಅಷ್ಟೇ ಅದರ ಕೆಲಸ. ಎಳೆದ ಕೂಡಲೇ ಗುಂಡಿ ಕಾಜದಲ್ಲಿ ಕೂತಿತು, ಕೆಲಸ ಮುಗಿಯಿತು, ಮುಗಿಸಿದ್ದು ಮಗು. ಅದರ ಮುಖ ಆಗ ನೋಡಬೇಕು! ಅದು ಸಲೀಸಾಗುವವರೆಗೂ ಅಲ್ಲೇ ಇರಿ. ಆಮೇಲೆ ಅರ್ಧಕ್ಕೆ ನಿಲ್ಲಿಸಿ, ಆಮೇಲೆ ತುದಿ ಮಾತ್ರ ತೋರಿಸಿ, ಕೊನೆಗೆ ಗುಂಡಿ ಹಿಡಿಯುವುದನ್ನೂ ಅದಕ್ಕೇ ಬಿಡಿ. ನಿಮ್ಮ ಕೈಯೂ ಹಾಗೇ ಹಿಂದೆ ಸರಿಯಬೇಕು. ಮೊದಲು ಬೆರಳ ಮೇಲೆ, ಆಮೇಲೆ ಮಣಿಕಟ್ಟು, ಆಮೇಲೆ ಮೊಣಕೈ, ಆಮೇಲೆ ಸುಮ್ನೆ ಒಂದು ಬೆರಳು ತಾಗಿಸಿದರೆ ಸಾಕು. ಬಾಯಿ ಮಾತ್ರ ಮುಚ್ಚಿರಲಿ. "ಎಳಿ, ಜೋರಾಗಿ ಎಳಿ, ಹಂಗಲ್ಲ ಹಿಂಗ" ಅಂತ ಒದರುತ್ತಿದ್ದರೆ ಅದರ ಗಮನ ಗುಂಡಿ ಬಿಟ್ಟು ನಿಮ್ಮ ಬಾಯಿ ಕಡೆ ಹೋಗುತ್ತದೆ. ಬೆಳಿಗ್ಗೆ ಗಡಿಬಿಡಿಯಲ್ಲಿ ಇದನ್ನು ಹಚ್ಚಿಕೊಳ್ಳಬೇಡಿ. ಸಂಜೆ ಅಂಗಿ ಬದಲಿಸುವಾಗ ಮಾಡಿ.

ಬೆರಳಿಗೆ ಬಲ ಬರುವುದಕ್ಕೆ ದುಬಾರಿ ಜೇಡಿಮಣ್ಣಿನ ಡಬ್ಬಿ ಯಾಕೆ ತರುತ್ತೀರಿ? ರೊಟ್ಟಿ ಬಡಿಯುವಾಗ ಒಂದು ಉಂಡೆ ಹಿಟ್ಟು ಕೊಡಿ, ಹಿಸುಕಲಿ, ಬಡಿಯಲಿ. ಅಂಟುವುದು ಆಗದ ಮಗು ಇದ್ದರೆ ಒಣ ಹಿಟ್ಟಿನಲ್ಲಿ ಬೆರಳಾಡಿಸಲಿ, ಒತ್ತಾಯ ಬೇಡ. ಬಿಸಿ ಆರಿದ ಹಿಟ್ಟು ಕೊಡಿ. ಯಾಕೆಂದರೆ ಜೋಳದ ಹಿಟ್ಟಿಗೆ ಕುದಿಯುವ ಎಸರೇ ಹಾಕಬೇಕು. ಉಗುರುಬೆಚ್ಚಗಿನ ನೀರಲ್ಲಿ ನಾದಿ, ರೊಟ್ಟಿ ಹರಿಯಿತು ಅಂತ ಜೋಳ ಕೊಟ್ಟವನಿಗೆ ಬೈಯುವ ಸೊಸೆಯಂದಿರನ್ನು ನೋಡಿ ಸಾಕಾಗಿದೆ. ಹಳೆ ಹಿಟ್ಟಿಗೆ ಜಿಗಿ ಇರುವುದಿಲ್ಲ, ಅದೂ ನೆನಪಿರಲಿ. ಶೇಂಗಾ ಸುಲಿಯುವುದೂ ಬೆರಳಿಗೆ ಒಳ್ಳೆಯದೇ. ಆದರೆ ಸಣ್ಣ ಮಕ್ಕಳ ಗಂಟಲಲ್ಲಿ ಕಾಳು ಸಿಕ್ಕಿಕೊಳ್ಳುತ್ತದೆ. ಅವರಿಗೆ ಬಟ್ಟೆ ಒಣಹಾಕುವ ಕ್ಲಿಪ್ ಕೊಡಿ.

ಮಾತು ಕಡಿಮೆ ಇರುವ ಮಗುವಿಗೆ ಕೇಳುವ ಮೊದಲೇ ಎಲ್ಲ ಕೊಡುವುದನ್ನು ಬಿಡಿ. ನಮ್ಮವನ ಇಷ್ಟದ ಕಿನ್ನಾಳದ ಕುದುರೆ ಗೊಂಬೆಯನ್ನು ನಾನು ಕಾಣುವ ಹಾಗೆ, ಆದರೆ ಕೈಗೆ ಎಟುಕದ ಹಾಗೆ ಗೂಡಿನಲ್ಲಿ ಇಡುತ್ತಿದ್ದೆ. ಬೇಕೆಂದರೆ ಅವನು ನನ್ನ ಹತ್ತಿರ ಬರಲೇಬೇಕು. ಒಂದು ಸಲ "ಏನು ಬೇಕು?" ಅಂತ ಕೇಳಿ, ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಬೆರಳು ತೋರಿಸಿದರೂ, "ಕು" ಅಂದರೂ, ಗೊಂಬೆ ನೋಡಿ ನಿಮ್ಮ ಮುಖ ನೋಡಿದರೂ ಸರಿ, "ಕುದುರೆ" ಅಂತ ಹೇಳಿ ತಕ್ಷಣ ಕೊಡಿ. "ಹೇಳು, ಹೇಳಿದರೆ ಮಾತ್ರ ಕೊಡ್ತೀನಿ" ಅಂತ ಅಳಿಸುವುದು ಕಲಿಸುವುದಲ್ಲ.

ಕೊಪ್ಪಳದ ಗವಿಮಠದ ಜಾತ್ರೆಗೆ ಕರೆದೊಯ್ಯಬೇಡಿ ಅಂತ ನಾನು ಹೇಳುವುದಿಲ್ಲ. ಸದ್ದಿಗೆ ಕಿವಿ ಮುಚ್ಚುವ ಮಗುವಾದರೆ ತೇರಿನ ಹೊತ್ತಿನ ನೂಕುನುಗ್ಗಲಲ್ಲಿ ಬೇಡ, ಮರುದಿನ ಬೆಳಿಗ್ಗೆ ಬೇಗ ಹೋಗಿ ಬನ್ನಿ.

ಶಾಲೆಗೆ ಹೋಗಲಾಗದ ಮಗುವಿದ್ದರೆ ಬಿಆರ್‌ಸಿಯಿಂದ, ಅಂದರೆ ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರದಿಂದ, ಟೀಚರ್ ಮನೆಗೇ ಬಂದು ಕಲಿಸುತ್ತಾರೆ. ಅವರು ಬಂದಾಗ ಮಗುವಿಗೆ ಪೌಡರ್ ಹಚ್ಚಿ ಸುಮ್ಮನೆ ಕೂರಿಸಿ ಚಹಾ ಕೊಟ್ಟು ಕಳಿಸಬೇಡಿ. ಗುಂಡಿ ಎಲ್ಲಿಯವರೆಗೆ ಬಂತು ತೋರಿಸಿ, ಮುಂದೇನು ಅಂತ ಕೇಳಿ. ಚಡ್ಡಿಯನ್ನೂ ಹೀಗೇ ಕೊನೆಯಿಂದಲೇ ಕಲಿಸಬಹುದು, ಸೊಂಟದ ಹತ್ತಿರದ ಕೊನೆಯ ಎಳೆತ ಮಗುವಿಗೆ ಬಿಡಿ. ಹೊಸ ಎಲಾಸ್ಟಿಕ್ ಬಿಗಿಯಾಗುತ್ತದೆ, ಸ್ವಲ್ಪ ಸಡಿಲಾದ ಹಳೆ ಚಡ್ಡಿಯೇ ಇರಲಿ.