ಬಿದಿರಿನ ಶಿಲ್ಪ ಮಾಡಲು ನಾನು ಕಲಿತದ್ದು

ಬೆಪ್ಪುವಿನಲ್ಲಿ ಬಿದಿರು ಕೆಲಸ ಕಲಿಯುವವರು ಹೆಣೆಯುವುದಕ್ಕಿಂತ ಮೊದಲು ಸೀಳಲು ಕಲಿಯಬೇಕು. ನಾನೂ ಹಾಗೇ ಶುರು ಮಾಡಿದೆ. ಜಪಾನಿನ ಓಯಿತಾ ಪ್ರಾಂತ್ಯದ ಈ ಊರಲ್ಲಿ ಬಿದಿರಿಗೇ ಮೀಸಲಾದ ಸರ್ಕಾರಿ ತರಬೇತಿ ಕೇಂದ್ರ ಇದೆ. ಬಿದಿರು ಕಲೆಗೆ ಮೊದಲ ಬಾರಿ, 1967ರಲ್ಲಿ, ಜಪಾನ್ ಸರ್ಕಾರದ 'ಜೀವಂತ ರಾಷ್ಟ್ರೀಯ ನಿಧಿ' ಗೌರವ ಪಡೆದ ಶೋನೊ ಶೋಉನ್ಸಾಯಿ ಕೆಲಸ ಕಲಿತದ್ದೂ ಇದೇ ಊರಲ್ಲಿ.

ನಾವು ಬಳಸುವುದು ಮದಾಕೆ ಬಿದಿರು. ಗೆಣ್ಣಿನಿಂದ ಗೆಣ್ಣಿಗೆ ಉದ್ದ ಜಾಸ್ತಿ. ಕಾಸ್ಟಿಕ್ ಸೋಡಾ ಹಾಕಿದ ನೀರಲ್ಲಿ ಕುದಿಸಿ, ಮೇಲೆ ಬಂದ ಎಣ್ಣೆ ಒರೆಸಿ, ಬಿಸಿಲಿಗೆ ಒಣಗಿಸಿದರೆ ಹಸಿರು ಹೋಗಿ ದಂತದ ಬಣ್ಣ ಬರುತ್ತದೆ.

ಆಮೇಲೆ ಸೀಳುವುದು. ಅರ್ಧ, ಅದರಲ್ಲಿ ಮತ್ತೆ ಅರ್ಧ. ಸೀಳು ಒಂದು ಕಡೆ ವಾಲಿದರೆ ದಪ್ಪ ಇರುವ ಭಾಗವನ್ನು ಹೆಚ್ಚು ಬಗ್ಗಿಸಬೇಕು. ಆಗ ಸೀಳು ನಡುವಿಗೆ ಮರಳುತ್ತದೆ. ಇದನ್ನು ಕಣ್ಣಿಗಿಂತ ಬೆರಳೇ ಬೇಗ ಕಲಿಯುತ್ತದೆ. ಒಳಗಿನ ಮೆತ್ತನೆ ಪದರ ಬಿಟ್ಟು ಹೊರಗಿನ ಗಟ್ಟಿ ಪದರ ಇಟ್ಟುಕೊಳ್ಳುತ್ತೇವೆ. ಮರದ ದಿಮ್ಮಿಗೆ ನೆಟ್ಟ ಎರಡು ಚೂರಿಗಳ ನಡುವೆ ಎಳೆದರೆ ಎಲ್ಲ ಎಳೆಗಳ ಅಗಲವೂ ಒಂದೇ ಸಮ. ದಪ್ಪವೂ ಹಾಗೇ ಸಮ ಇರಬೇಕು, ಏಕೆಂದರೆ ಶಿಲ್ಪದ ಬಾಗು ಬರುವುದೇ ಅದರಿಂದ. ಎಳೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಇದ್ದರೆ ತೆಳುವಾದಲ್ಲಿ ಮಡಚಿಕೊಂಡು ಬಿಡುತ್ತದೆ.

ನಾನು ಮಾಡಿದ್ದು ತಿರುಚಿದ ಒಂದು ಬಳೆಯ ಆಕಾರ. ಅಚ್ಚಿಲ್ಲ, ಒಳಗೆ ಚೌಕಟ್ಟೂ ಇಲ್ಲ. ಆರು ಮೂಲೆಯ ಕಣ್ಣುಗಳ (ಎಳೆಗಳ ನಡುವಿನ ತೂತುಗಳ) ಹೆಣಿಗೆ ಸುಮ್ನೆ ಹೋದರೆ ಚಪ್ಪಟೆಯಾಗಿಯೇ ಇರುತ್ತದೆ. ನಡುವೆ ಒಂದು ಕಣ್ಣಿಗೆ ಐದೇ ಮೂಲೆ ಕೊಟ್ಟರೆ ಅಲ್ಲಿ ಉಬ್ಬುತ್ತದೆ. ಏಳು ಕೊಟ್ಟರೆ ಕುದುರೆಯ ಜೀನಿನ ಹಾಗೆ ಬಾಗುತ್ತದೆ. ಹಾಗಾಗಿ ಬಳೆಯ ಹೊರಬದಿಗೆ ಐದು, ಒಳಬದಿಗೆ ಏಳು ಮೂಲೆಯ ಕಣ್ಣು ಹಾಕಿದೆ. ನೀರು ಚಿಮುಕಿಸುತ್ತಾ ಹೆಣೆದು ಎರಡು ತುದಿಗಳನ್ನು ಒಂದರೊಳಗೊಂದು ಸೇರಿಸಿದೆ. ಎಳೆಗಳು ಒಂದನ್ನೊಂದು ಒತ್ತಿ ಹಿಡಿದಿವೆ, ಅಷ್ಟೇ. ಮೇಜಿನ ಮೇಲೆ ತಾನಾಗಿ ನಿಂತಾಗ ಆದ ಖುಷಿ ಹೇಳತೀರದು.

ಇದೇ ಬೆಪ್ಪುವಿನಲ್ಲಿ ಕಲಿತ ಮನೆತನದ ನಾಲ್ಕನೇ ತಲೆಮಾರಿನ ಕಲಾವಿದ ತನಾಬೆ ಚಿಕುಉನ್ಸಾಯಿ 2017ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನೆಲದಿಂದ ಚಾವಣಿಗೆ ಏರುವ ಶಿಲ್ಪ ಹೆಣೆದರು. ಕೊಚಿ ಪ್ರಾಂತ್ಯದ ಹುಲಿ ಮಚ್ಚೆಯ ಬಿದಿರು ಅದು. ಪ್ರದರ್ಶನ ಮುಗಿದ ಮೇಲೆ ಬಿಚ್ಚಿ, ಅದೇ ಎಳೆಗಳನ್ನು ಮುಂದಿನ ಕೃತಿಗೆ ಬಳಸುತ್ತಾರೆ. ಎಲ್ಲರೂ ಅದರ ಗಾತ್ರ ಹೊಗಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದು, ಬಿಚ್ಚಿದರೂ ಹಾಳಾಗದ ಆ ಎಳೆಗಳು.

ಈಗ ಒಳಬದಿಯಲ್ಲಿ ಏಳು ಮೂಲೆಯ ಕಣ್ಣುಗಳನ್ನು ಹೆಚ್ಚಿಸಿ, ಸೊಂಟ ಇನ್ನೂ ಸಣ್ಣಗಿರುವ ಒಂದು ಬಳೆ ಹೆಣೆಯುತ್ತಿದ್ದೇನೆ. ಅದಕ್ಕೆ ಎಳೆ ಇನ್ನಷ್ಟು ತೆಳು ಬೇಕು.