ಬ್ರಿಟನ್ ಸಂಸತ್ತಿನ ಐದು ವರ್ಷವನ್ನು ನಂಬಿ ಕೂರಬೇಡಿ

ಕಾಮನ್‌ವೆಲ್ತ್ ಪೌರರೆಂಬ ಕಾರಣಕ್ಕೆ ಬ್ರಿಟನ್‌ನಲ್ಲಿ ನೆಲೆಸಿರುವ ಭಾರತೀಯರಿಗೂ ಇಲ್ಲಿನ ಸಂಸತ್ ಚುನಾವಣೆಯಲ್ಲಿ ಮತದ ಹಕ್ಕಿರುವುದು ಹೆಚ್ಚಿನವರಿಗೆ ಗೊತ್ತು. ಎಡವುವುದು ಅವಧಿಯ ಲೆಕ್ಕದಲ್ಲಿ.

ಇಲ್ಲಿ ಐದು ವರ್ಷ ಎಂಬುದು ಗರಿಷ್ಠ ಮಿತಿ ಮಾತ್ರ. 1911ರವರೆಗೆ ಅದು ಏಳು ವರ್ಷವಿತ್ತು. ಆಗಿನ ಹಣಕಾಸು ಸಚಿವ ಲಾಯ್ಡ್ ಜಾರ್ಜ್ ಅವರ 1909ರ ಬಜೆಟ್ಟನ್ನು ಮೇಲ್ಮನೆಯಾದ ಲಾರ್ಡ್ಸ್ ಸಭೆ ತಿರಸ್ಕರಿಸಿದ್ದರಿಂದ 1910ರಲ್ಲಿ ಎರಡು ಚುನಾವಣೆಗಳು ನಡೆದವು. ವರ್ಷಾರಂಭದಲ್ಲಿ ಆಯ್ಕೆಯಾದ ಸಂಸತ್ತು ವರ್ಷ ತುಂಬುವ ಮೊದಲೇ ವಿಸರ್ಜನೆಯಾಯಿತು. ಮರುವರ್ಷದ ಪಾರ್ಲಿಮೆಂಟ್ ಆಕ್ಟ್ ಲಾರ್ಡ್ಸ್ ಅಧಿಕಾರವನ್ನು ಮೊಟಕುಗೊಳಿಸಿ, ಅವಧಿಯನ್ನು ಐದಕ್ಕೆ ಇಳಿಸಿತು. ಆ ಕಾಯ್ದೆ ಮಾಡಿದ ಸಂಸತ್ತೇ ಮಹಾಯುದ್ಧದ ಕಾರಣ ಐದು ಬಾರಿ ತನ್ನ ಅವಧಿಯನ್ನು ವಿಸ್ತರಿಸಿಕೊಂಡು 1918ರ ನವೆಂಬರ್‌ವರೆಗೆ ಉಳಿಯಿತು. ಆದರೆ ಲಾರ್ಡ್ಸ್ ಒಪ್ಪಿಗೆಯಿಲ್ಲದೆ ಕೆಳಮನೆಯಾದ ಕಾಮನ್ಸ್ ತನ್ನ ಆಯುಷ್ಯವನ್ನು ಹೆಚ್ಚಿಸಿಕೊಳ್ಳುವಂತಿಲ್ಲವೆಂದು ಅದೇ ಕಾಯ್ದೆ ಕಟ್ಟುಹಾಕಿದೆ. 1976ರಲ್ಲಿ ನಮ್ಮ ಲೋಕಸಭೆಯ ಅವಧಿಯನ್ನು ಆರು ವರ್ಷಕ್ಕೆ ಏರಿಸಿದ್ದನ್ನು ನೆನೆದರೆ ಈ ಕಟ್ಟು ಎಷ್ಟು ಮುಖ್ಯವೆಂದು ತಿಳಿಯುತ್ತದೆ.

ಅವಧಿ ಹಿಗ್ಗುವುದು ಅಪರೂಪ, ಕುಗ್ಗುವುದು ಸಾಮಾನ್ಯ. 2017ರಲ್ಲಿ ನಾನು ಮನೆ ಬದಲಿಸಿದ್ದೆ. ಮುಂದಿನ ಚುನಾವಣೆ 2020ಕ್ಕೆ ಎಂದು ಆಗಿನ ಕಾನೂನೇ ಹೇಳುತ್ತಿದ್ದುದರಿಂದ ಹೊಸ ವಿಳಾಸದಲ್ಲಿ ಹೆಸರು ನೋಂದಾಯಿಸಲಿಲ್ಲ. ಏಪ್ರಿಲ್ 18ರಂದು ಘೋಷಣೆಯಾಗಿ ಜೂನ್ 8ರಂದು ಮತದಾನ ಮುಗಿದೇಹೋಯಿತು. ಅದಕ್ಕಿಂತ ದುಬಾರಿಯಾದದ್ದು ಆಮೇಲಿನ ಸಂಗತಿ: ಗೃಹಸಾಲಕ್ಕೆ ಅರ್ಜಿ ಹಾಕಿದಾಗ ಮತದಾರರ ಪಟ್ಟಿಯಲ್ಲಿ ನನ್ನ ವಿಳಾಸ ಸಿಗಲಿಲ್ಲವೆಂದು ಬ್ಯಾಂಕು ಮತ್ತೆ ಮತ್ತೆ ದಾಖಲೆ ಕೇಳಿತು. ಅಷ್ಟರಲ್ಲಿ ಕಡಿಮೆ ಬಡ್ಡಿಯ ಕೊಡುಗೆಯ ಗಡುವು ಮುಗಿದು, ಎರಡು ವರ್ಷ ಹೆಚ್ಚಿನ ಬಡ್ಡಿ ಕಟ್ಟಿದೆ.

2024ರಲ್ಲಿ ದಾವಣಗೆರೆಯ ಹುಡುಗನೊಬ್ಬ, "ಇನ್ನೂ ಡಿಸೆಂಬರ್‌ವರೆಗೆ ಟೈಮ್ ಇದೆಯಲ್ಲ ಸರ್, ಆಮೇಲೆ ಮಾಡ್ತೀನಿ" ಎಂದ. ಮೇ 22ರಂದು ಘೋಷಣೆಯಾಯಿತು, ನೋಂದಣಿ ಜೂನ್ 18ಕ್ಕೆ ಮುಗಿಯಿತು. ಅವನು ನನಗೆ ಫೋನ್ ಮಾಡಿದ್ದು 19ರ ಬೆಳಿಗ್ಗೆ.

ದಿನಾಂಕವನ್ನು ಪ್ರಧಾನಿಯೇ ಆರಿಸುವ ಈ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ವೇಳಾಪಟ್ಟಿಯನ್ನು ಚುನಾವಣಾ ಆಯೋಗಕ್ಕೆ ಬಿಟ್ಟ ನಮ್ಮ ವ್ಯವಸ್ಥೆಯೇ ಮೇಲು. ಆದರೆ ಇಲ್ಲಿರುವುದು ಈ ಪದ್ಧತಿಯೇ. ಆದ್ದರಿಂದ ಮನೆ ಬದಲಿಸಿದ ವಾರವೇ, ಕರೆಂಟ್ ಬಿಲ್ಲಿನ ವಿಳಾಸ ಬದಲಿಸುವಾಗಲೇ, ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆಯನ್ನು ಕೈಯಲ್ಲಿಟ್ಟುಕೊಂಡು ಮತದಾರರ ನೋಂದಣಿಯನ್ನೂ ಮುಗಿಸಿ.