ಎಂಜಿಬಿಗೆ ಅಗಲದ ಚಕ್ರ: ಫೆಂಡರ್ ಮೊದಲು ಮಡಿಸಿ, ಕತ್ತರಿಸೋದು ಕೊನೆಗೆ

ಎಂಜಿಬಿ ಎಂಬ ಹಳೆ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ ಅಗಲದ ಡಿಸ್ಕ್ (ಟೈರ್ ಕೂರುವ ಲೋಹದ ಚಕ್ರ) ಹಾಕಬೇಕು ಅಂದ ಕೂಡಲೇ, ಫೆಂಡರ್ ಕತ್ತರಿಸಲು ಟಿಂಕರಿಂಗ್ ಶೆಡ್‌ನಲ್ಲಿ ಗ್ರೈಂಡರ್ ಹೊರಗೆ ಬರುತ್ತದೆ. ಸ್ವಲ್ಪ ತಡೆಯಿರಿ. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಬೇಕಾದರೆ, 2021ರ ನಿಯಮದ ಪ್ರಕಾರ ಛಾಸಿ, ಬಾಡಿ ಶೆಲ್, ಎಂಜಿನ್ ಮೂಲರೂಪದಲ್ಲೇ ಇರಬೇಕು. 1962ರಿಂದ 1980ರವರೆಗೆ ಬಂದ ಎಂಜಿಬಿಗಳಲ್ಲಿ ಹಳೆಯವು ಆಗಲೇ ಆ ವಯಸ್ಸಿಗೆ ಬಂದಿವೆ. ಹಾಗಾಗಿ ಫೆಂಡರ್‌ನ ಒಳಅಂಚು ಮಡಿಸಿದರೆ ಸಾಲುವಂಥ ಚಕ್ರವನ್ನೇ ಆರಿಸಿಕೊಳ್ಳುವುದು ಜಾಣತನ.

ಲೆಕ್ಕ ಸುಲಭ. 5 ಇಂಚಿನ ಡಿಸ್ಕ್ ಬದಲು 6 ಇಂಚಿನದು ಹಾಕಿದರೆ, ಆಫ್‌ಸೆಟ್ (ಡಿಸ್ಕ್‌ನ ನಡುಗೆರೆಯಿಂದ ಅದು ಹಬ್‌ಗೆ ಕೂರುವ ಮುಖದವರೆಗಿನ ದೂರ) ಬದಲಾಗದಿದ್ದಲ್ಲಿ ಒಳಗೂ ಹೊರಗೂ ತಲಾ 12.7 ಮಿ.ಮೀ. ಹೆಚ್ಚುತ್ತದೆ. ಆಫ್‌ಸೆಟ್ 5 ಮಿ.ಮೀ. ಕಡಿಮೆ ಇದ್ದರೆ ಹೊರಗೆ 17.7, ಒಳಗೆ 7.7. ಬೋಲ್ಟ್ ಅಂತರ 4×114.3, ಅಂದರೆ 114.3 ಮಿ.ಮೀ. ವ್ಯಾಸದ ವೃತ್ತದ ಮೇಲೆ ನಾಲ್ಕು ಬೋಲ್ಟ್. ಟೈರ್‌ಗೆ 185/70 ಆರ್14 ಒಳ್ಳೆಯ ಗುರಿ; ಅದರ ವ್ಯಾಸ ಸುಮಾರು 615 ಮಿ.ಮೀ., ಹಳೆಯ 165 ಆರ್14ಕ್ಕಿಂತ ಬರೀ ಕೆಲವೇ ಮಿ.ಮೀ. ಕಡಿಮೆ. 195 ಮಿ.ಮೀ. ಅಗಲದ ಟೈರ್‌ಗೆ ಹೋದರೆ ತಲೆನೋವು ಶುರು.

ಹಿಂದಿನ ಎರಡೂ ಬದಿ ಪ್ರತ್ಯೇಕವಾಗಿ ಅಳೆಯಿರಿ. ಎಂಜಿಬಿಗಳಲ್ಲಿ ಎಡಬದಿ ಬಿಗಿಯಾಗಿರುವುದು ಸಾಮಾನ್ಯ. ಆಕ್ಸಲ್‌ನ ಒಂದು ತುದಿಗೆ ಜ್ಯಾಕ್ ಕೊಟ್ಟು ಬಂಪ್ ರಬ್ಬರ್ ಮುಟ್ಟುವವರೆಗೆ ಎತ್ತಿ, ಅಂಚಿನೊಳಗೆ ಜೇಡಿಮಣ್ಣಿನ ಉಂಡೆ ಅಂಟಿಸಿ ನೋಡಿ. ಲೀಫ್ ಸ್ಪ್ರಿಂಗ್ ಮೇಲೆ ಕೂತ ಆಕ್ಸಲ್ ತಿರುವಿನಲ್ಲಿ ಪಕ್ಕಕ್ಕೂ ಸರಿಯುತ್ತದೆ. ನಿಂತ ಗಾಡಿಯಲ್ಲಿ 3 ಮಿ.ಮೀ. ಜಾಗ ಇದ್ದರೆ ಓಡುವಾಗ ಅದು ಸೊನ್ನೆ. 8ರಿಂದ 10 ಇರಲಿ.

ಇನ್ನು ಮಡಿಸುವುದು. ಮೊದಲು ಅಂಚಿನುದ್ದಕ್ಕೂ ಅಯಸ್ಕಾಂತ ಹಿಡಿಯಿರಿ. ಅದು ಕಚ್ಚದ ಕಡೆ ಪುಟ್ಟಿ ತುಂಬಿರುತ್ತದೆ, ಮಡಿಸಿದರೆ ಉದುರುವುದು ಖಂಡಿತ. ಅಲ್ಲಿ ಮೊದಲು ಪುಟ್ಟಿ ತೆಗೆದು ತಗಡಿನ ಸ್ಥಿತಿ ನೋಡಬೇಕು. ಚಕ್ರ ಬಿಚ್ಚಿ, ಆಕ್ಸಲ್ ಸ್ಟ್ಯಾಂಡ್ ಕೊಟ್ಟು, ಫೆಂಡರ್ ರೋಲರನ್ನು (ಅಂಚನ್ನು ಉರುಳೆಯಿಂದ ಒತ್ತಿ ಮಡಿಸುವ ಸಾಧನ) ಹಬ್‌ಗೆ ಬಿಗಿಯಿರಿ. ಹೀಟ್ ಗನ್ನನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ, ಪೇಂಟ್ ಮೇಲೆ ಕೈ ಇಡಲಾಗದಷ್ಟು ಬಿಸಿ ಮಾಡಿ. ತಣ್ಣಗಿನ ಪೇಂಟ್ ಬಿರುಕು ಬಿಡುತ್ತದೆ, ಬಿಸಿ ಅತಿಯಾದರೆ ಗುಳ್ಳೆ ಏಳುತ್ತದೆ. ರೋಲರನ್ನು 45 ಡಿಗ್ರಿಯಿಂದ ಶುರುಮಾಡಿ, ಪ್ರತಿ ಸುತ್ತಿಗೂ ಸ್ಕ್ರೂ ಅರ್ಧ ಸುತ್ತು ಮಾತ್ರ ಬಿಗಿಸಿ, ನಿಧಾನವಾಗಿ ಅಂಚನ್ನು ಒಳಗೋಡೆಗೆ ಒರಗಿಸಿ. ಟೈರ್ ಮತ್ತು ಫೆಂಡರ್ ನಡುವೆ ಬ್ಯಾಟ್ ತೂರಿಸಿ ಗಾಡಿ ತಳ್ಳುವ ಉಪಾಯ ಬೇಡ. ಫೆಂಡರ್ ಅಲೆಅಲೆಯಾಗಿ ಎದ್ದರೆ ಸರಿಮಾಡುವ ಖರ್ಚು ರೋಲರ್ ಬಾಡಿಗೆಗಿಂತ ಹೆಚ್ಚು.

ಮುಂದಿನ ಫೆಂಡರ್‌ಗಳು ಬೋಲ್ಟ್ ಮೇಲಿರುವುದರಿಂದ, ಬಿಚ್ಚಿ ಬೆಂಚಿನ ಮೇಲೇ ಕೆಲಸ ಮಾಡಬಹುದು. ಹಿಂದಿನದು ಬೇರೆ ಕಥೆ: ಹೊರತಗಡು ಒಳ ಆರ್ಕ್‌ಗೆ (ಚಕ್ರದ ಮೇಲಿನ ಒಳಗಿನ ಕಮಾನು) ಅಂಚಿನಲ್ಲೇ ಸ್ಪಾಟ್ ವೆಲ್ಡ್ ಆಗಿದೆ. ಮಡಿಸುವಾಗ ಎರಡು ತಗಡಿನ ನಡುವಿನ ಸೀಲರ್ ಒಡೆಯುತ್ತದೆ; ಬೆಂಗಳೂರಿನ ಮಳೆಯಲ್ಲಿ ಟೈರ್ ಎರಚುವ ಕೆಸರು ನೇರ ಅಲ್ಲಿಗೇ ಹೋಗಿ ತುಕ್ಕು ಹಿಡಿಸುತ್ತದೆ. ಹಾಗಾಗಿ ಮಡಿಸಿದ ದಿನವೇ ವೈರ್ ಬ್ರಷ್ ಹಾಕಿ, ಎಪಾಕ್ಸಿ ಪ್ರೈಮರ್, ಒಣಗಿದ ಮೇಲೆ ಪಿಯು (ಪಾಲಿಯುರೆಥೇನ್) ಸೀಲರ್, ಕೊನೆಗೆ ಅಂಡರ್‌ಕೋಟ್.

ಇಷ್ಟಾದರೂ ಸಾಲದೆ ಕತ್ತರಿಸಲೇಬೇಕು ಅಂದರೆ: ಬ್ಯಾಟರಿ ಕಳಚಿ, ಡಿಕ್ಕಿ ಕೆಳಗಿರುವ ಪೆಟ್ರೋಲ್ ಟ್ಯಾಂಕ್ ಇಳಿಸಿ. ಮೊದಲು ಹೊರತಗಡು ಮಾತ್ರ ಕತ್ತರಿಸಿ, ಆಮೇಲೆ ಒಳ ಆರ್ಕ್ ಅಂಚನ್ನು 25 ಮಿ.ಮೀ.ಗೊಂದರಂತೆ ಸೀಳಿ ಮೇಲಕ್ಕೆ ಬಾಗಿಸಿ, ಎರಡನ್ನೂ ಕೂಡಿಸಿ ಮಿಗ್ ವೆಲ್ಡರ್‌ನಲ್ಲಿ ಚುಕ್ಕೆ ಹಾಕಿ. ಚುಕ್ಕೆಗಳನ್ನು ಒಂದರ ಪಕ್ಕ ಒಂದು ಹಾಕದೆ ಅಲ್ಲೊಂದು ಇಲ್ಲೊಂದು ಹಾಕಿದರೆ ತಗಡು ಸೊಟ್ಟಗಾಗದು. ಎರಡನ್ನೂ ಒಟ್ಟಿಗೆ ಕತ್ತರಿಸಿ ಬೆಸೆಯದೆ ಬಿಟ್ಟರೆ ಆ ಭಾಗದ ಗಟ್ಟಿತನವೇ ಹೋಯಿತು.

ಪರೀಕ್ಷೆಗೆ ಫುಲ್ ಟ್ಯಾಂಕ್, ಇಬ್ಬರು ಆಳು, ಡಿಕ್ಕಿಯಲ್ಲಿ ಸಾಮಾನು. ಮಡಿಸಿದ ಅಂಚಿಗೆ ಸೀಮೆಸುಣ್ಣ ಬಳಿದು, ಬಡಾವಣೆಯ ನಾಲ್ಕಾರು ಹಂಪ್‌ಗಳನ್ನು ನಿಧಾನವಾಗಿ ಓರೆಯಾಗಿ ಹತ್ತಿಸಿ. ಟೈರ್ ಮೇಲೆ ಬಿಳಿ ಗೆರೆ ಕಂಡ ಕಡೆ ಇನ್ನೊಂದು ಸುತ್ತು ರೋಲರ್ ಹೊಡೆಯಬೇಕು.